ಸೆರೆಯೇ ಬೇರೆ, ಸಜೆಯೇ ಬೇರೆ

ಬೆಳಗಿನ ಕಾಫಿ ಜೊತೆ ಪತ್ರಿಕೆಯ ಜಿಲ್ಲಾ ಪುಟ ಬಿಡಿಸಿದವರಿಗೆ ಒಂದು ಪದ ಕಣ್ಣಿಗೆ ಬೀಳದ ದಿನ ಅಪರೂಪ. ಎಡಗಡೆ ‘ಅಡಿಕೆ ತೋಟದಲ್ಲಿ ಚಿರತೆ ಸೆರೆ’. ಬಲಗಡೆ ‘ಇಬ್ಬರು ಸರಗಳ್ಳರ ಸೆರೆ’. ಅವೆರಡರ ಕೆಳಗೆ, ಗರಿ ಬಿಚ್ಚಿ ನಿಂತ ನವಿಲನ್ನು ಯಾರೋ ಕ್ಯಾಮೆರಾದಲ್ಲಿ ‘ಸೆರೆ ಹಿಡಿದ’ ಚಿತ್ರ. ಕಾಡಿನ ಮೃಗ, ಊರಿನ ಆರೋಪಿ, ಹೊಲದ ನವಿಲು ಎಲ್ಲಕ್ಕೂ ಒಂದೇ ಪದ ಸಾಲುತ್ತದೆ. ಬರೀ ಎರಡು ಅಕ್ಷರ, ಒಂದು ಕಾಲಮ್ಮಿನ ತಲೆಬರಹಕ್ಕೆ ಹೇಳಿ ಮಾಡಿಸಿದ ಅಳತೆ. ರಾತ್ರಿ ಹನ್ನೊಂದಕ್ಕೆ ಪುಟ ಕಟ್ಟುವ ಉಪಸಂಪಾದಕರಿಗೆ ಇದಕ್ಕಿಂತ ಉಪಕಾರಿಯಾದ ಪದ ಕನ್ನಡದಲ್ಲಿ ಸಿಗುವುದು ಕಷ್ಟ.

ತೊಂದರೆ ಇರುವುದೂ ಅಲ್ಲಿಯೇ. ಚಿರತೆಗೆ ಸೆರೆಯ ಜೊತೆಗೆ ಕತೆ ಮುಗಿಯಿತು, ಅದನ್ನು ದೂರದ ಕಾಡಿಗೋ ಪುನರ್ವಸತಿ ಕೇಂದ್ರಕ್ಕೋ ಒಯ್ಯುತ್ತಾರೆ. ಆರೋಪಿಗೆ ಕತೆ ಶುರುವಾಗುವುದೇ ಅಂದು. ಆದರೆ ಓದುಗನ ಮನಸ್ಸಿನಲ್ಲಿ ಇಬ್ಬರ ಕತೆಯೂ ಒಟ್ಟಿಗೇ ಮುಗಿದಿರುತ್ತದೆ: ಸಿಕ್ಕಿಬಿದ್ದ, ಒಳಗೆ ಹೋದ, ಶಾಸ್ತಿಯಾಯಿತು.

ಸೆರೆ ಎಂಬ ಪದ ಮೂಲದಲ್ಲಿ ಶಾಸ್ತಿಯ ಮಾತೇ ಅಲ್ಲ.

ಹಳಗನ್ನಡದಲ್ಲಿ ಇದರ ಬರಹ ‘ಸೆಱೆ’. ಈಗ ಬಳಕೆ ತಪ್ಪಿರುವ ಆ ಶಕಟರೇಫ ಇದ್ದ ಕಾಲದಲ್ಲಿ ಕೆಲವು ಗೊಂದಲಗಳು ಇರಲಿಲ್ಲ. ಈಗ ಎಲ್ಲವೂ ‘ರ’ ಆಗಿ, ಕಳ್ಳಂಗಡಿಯ ಸೆರೆ, ಕೊರಳಿನ ನರದ ಸೆರೆ, ಅಂಗೈಗುಳಿಯಲ್ಲಿ ಹಿಡಿಯುವ ಒಂದು ಸೆರೆ ನೀರು, ಎಲ್ಲವೂ ನೋಟಕ್ಕೆ ಒಂದೇ. ಸೆರೆ ಕುಡಿದು ಗಲಾಟೆ ಮಾಡಿದವನನ್ನು ಸೆರೆ ಹಿಡಿದಾಗ ಅವನ ಕೊರಳ ಸೆರೆ ಉಬ್ಬಿ ಬಂತು ಎಂದು ಬರೆದರೆ ವ್ಯಾಕರಣದ ತಪ್ಪೇನೂ ಇಲ್ಲ. ಇವುಗಳಲ್ಲಿ ಬಂಧನದ ಸೆರೆಗೆ ದಕ್ಷಿಣದ ಭಾಷೆಗಳಲ್ಲೆಲ್ಲ ನೆಂಟರಿದ್ದಾರೆ. ತಮಿಳಿನಲ್ಲಿ ಅದು ‘ಚಿರೈ’, ತೆಲುಗಿನಲ್ಲಿ ‘ಚೆರ’, ಮಲಯಾಳದಲ್ಲಿ ‘ಚಿರ’.

ನೆಂಟರ ಮನೆಗೆ ಹೋಗಿ ನೋಡಿದರೆ ಅಲ್ಲಿ ಬೇರೆಯೇ ಚಿತ್ರ ಕಾಣಿಸುತ್ತದೆ. ತಮಿಳಿನ ಚಿರೈಗೆ ಸೆರೆ ಎಂಬ ಅರ್ಥ ಇರುವಂತೆಯೇ ಕಾವಲು ಎಂಬ ಅರ್ಥವಿದೆ, ನೀರಿಗೆ ಕಟ್ಟಿದ ಏರಿ ಎಂಬ ಅರ್ಥವೂ ಇದೆ. ಕೇರಳದಲ್ಲಿ ಚಿರ ಎಂದರೆ ಇಂದಿಗೂ ಜನ ತೋರಿಸುವುದು ಕಟ್ಟೆ ಹಾಕಿ ನಿಲ್ಲಿಸಿದ ಕೊಳವನ್ನು. ತೆಲುಗಿನಲ್ಲಿ ಚೆರ ಎಂದರೆ ಸೆರೆ, ಅದರ ಪಕ್ಕದಲ್ಲೇ ಇರುವ ಚೆರುವು ಎಂದರೆ ಕೆರೆ. ತಮಿಳು ತೆಲುಗುಗಳು ‘ಚ’ ಎನ್ನುವ ಕಡೆ ಕನ್ನಡ ‘ಕ’ ಎನ್ನುವುದು ಹಳೆಯ ವಾಡಿಕೆ. ಅವರ ಚೆವಿ ನಮ್ಮ ಕಿವಿ, ಅವರ ಚೆರುವು ನಮ್ಮ ಕೆರೆ. ಹೀಗೆ ಕೆರೆಗೂ ಸೆರೆಗೂ ಬೇರಿನಲ್ಲೇ ನಂಟು. ಹರಿದು ಹೋಗುವ ನೀರನ್ನು ಅಡ್ಡಗಟ್ಟಿ ನಿಲ್ಲಿಸಿದರೆ ಕೆರೆ, ಹೋಗಿಬಿಡುವ ಮನುಷ್ಯನನ್ನು ಅಡ್ಡಗಟ್ಟಿ ನಿಲ್ಲಿಸಿದರೆ ಸೆರೆ. ಎರಡರಲ್ಲೂ ಇರುವುದು ತಡೆದು ನಿಲ್ಲಿಸುವ ಕೆಲಸ. ತಪ್ಪು, ನ್ಯಾಯ, ದಂಡನೆ ಯಾವುದೂ ಆ ಪದದ ಹೊಟ್ಟೆಯಲ್ಲಿ ಇಲ್ಲ.

ಮಲೆನಾಡಿನಿಂದ ಬಯಲುಸೀಮೆಯವರೆಗೆ ಊರ ಬಾಗಿಲಲ್ಲಿ, ಗುಡಿಯ ಹಿಂದೆ, ಎಷ್ಟೋ ಕಡೆ ತಿಪ್ಪೆಯ ಮಗ್ಗುಲಲ್ಲಿ ನಿಂತಿರುವ ವೀರಗಲ್ಲುಗಳು ಹೇಳುವುದೂ ಇದನ್ನೇ. ತುರುಗೋಳ್ ಎಂದರೆ ದನ ಹೊಡೆದುಕೊಂಡು ಹೋಗುವ ದಾಳಿ. ಪೆಣ್ಬುಯ್ಯಲ್ ಎಂದರೆ ದಾಳಿಗೆ ಸಿಕ್ಕ ಹೆಂಗಸರ ಹುಯ್ಯಲು. ಹೀಗೆ ಸೆರೆಹೋದ ದನಗಳನ್ನೋ ಹೆಂಗಸರನ್ನೋ ಬಿಡಿಸಲು ಹೋಗಿ ಸತ್ತವನ ನೆನಪಿಗೆ ಊರು ಕಲ್ಲು ನಿಲ್ಲಿಸಿತು. ಅಲ್ಲಿ ಸೆರೆಯಾದವರು ಯಾರೂ ಅಪರಾಧಿಗಳಲ್ಲ. ಅಪರಾಧಿ ಯಾರಾದರೂ ಇದ್ದರೆ ಅದು ಸೆರೆ ಹಿಡಿದವನು.

ಶ್ರೀರಂಗಪಟ್ಟಣಕ್ಕೆ ಪ್ರವಾಸ ಹೋದ ಶಾಲಾಮಕ್ಕಳಿಗೆ ರಂಗನಾಥನ ಗುಡಿ ಆದಮೇಲೆ ತೋರಿಸುವ ಜಾಗಗಳಲ್ಲಿ ಒಂದು ಕರ್ನಲ್ ಬೈಲಿಯ ಬಂದೀಖಾನೆ. ಮೆಟ್ಟಿಲಿಳಿದರೆ ತಗ್ಗಿನ ಕಮಾನು ಚಾವಣಿ, ಗೋಡೆಯಿಂದ ಮುಂದಕ್ಕೆ ಚಾಚಿದ ಕಲ್ಲುಚಪ್ಪಡಿಗಳು, ಚಪ್ಪಡಿಗಳಲ್ಲಿ ಸರಪಳಿ ತೂರಿಸಲು ಕೊರೆದ ತೂತುಗಳು. ಹುಡುಗರು ಆ ತೂತಿಗೆ ಕೈಯಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಕಾಳಗದಲ್ಲಿ ಸೋತು ಮೈಸೂರಿನವರ ಕೈಗೆ ಸಿಕ್ಕ ಇಂಗ್ಲಿಷರ ಸೇನಾಧಿಕಾರಿ ಬೈಲಿ, 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. ಅವನ ಜೊತೆ ಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಎಂಬ ಅಧಿಕಾರಿ 1784ರ ಮಂಗಳೂರು ಒಪ್ಪಂದದವರೆಗೆ, ಸುಮಾರು ಮೂರೂವರೆ ವರ್ಷ, ಅಲ್ಲಿದ್ದು ಬಿಡುಗಡೆಯಾದ. ಹದಿನೈದು ವರ್ಷದ ಮೇಲೆ, 1799ರ ಮೇ 4ರಂದು, ಅದೇ ಕೋಟೆಯ ಮೇಲೆ ನಡೆದ ಕೊನೆಯ ದಾಳಿಯ ಮುಂದಾಳು ಇದೇ ಬೇರ್ಡ್. ಈ ಸೈನಿಕರಿಗೆ ಯಾರೂ ಇಷ್ಟು ವರ್ಷ ಎಂದು ಶಿಕ್ಷೆ ಬರೆದಿರಲಿಲ್ಲ. ಯುದ್ಧ ಮುಗಿಯುವವರೆಗೆ ಹಿಡಿದಿಟ್ಟಿದ್ದರು, ಮುಗಿದಾಗ ಬಿಟ್ಟರು. ಅದು ಶುದ್ಧ ಸೆರೆ.

ಕನ್ನಡಿಗರು ಕೂಡಿಹಾಕುವ ಕೆಲಸಕ್ಕೆ ಬಳಸುವ ಉಳಿದ ಪದಗಳೆಲ್ಲ ಒಂದೊಂದು ದಿಕ್ಕಿನಿಂದ ಬಂದವು, ಬಹುಪಾಲು ಯಾವುದೋ ಒಂದು ಸರ್ಕಾರದ ಬೆನ್ನು ಹತ್ತಿ. ‘ಕೈದಿ’ಯಲ್ಲಿ ಕೈ ಕಾಣಿಸಿದರೂ ಅದು ನಮ್ಮ ಕೈ ಅಲ್ಲ. ಹಳಗನ್ನಡದಲ್ಲಿ ‘ಕೈದು’ ಎಂದರೆ ಆಯುಧ. ಅದಕ್ಕೂ ಕೈದಿಗೂ ಸಂಬಂಧವಿಲ್ಲ. ಇದು ಅರಬ್ಬಿಯ ‘ಖೈದ್’, ಬೇಡಿ ಎಂಬರ್ಥದ್ದು. ‘ಜೈಲು’ ಇಂಗ್ಲಿಷಿನದು, ಅದರ ಅಜ್ಜಿ ಲ್ಯಾಟಿನಿನ ಒಂದು ಪುಟ್ಟ ಪದ, ಅರ್ಥ ಸಣ್ಣ ಪಂಜರ. ಬೆಳಗಾವಿ ಕಡೆಯ ಮರಾಠಿಯವರು ‘ತುರುಂಗ’ ಎನ್ನುತ್ತಾರೆ. ಅದು ಗೋವಾದ ಪೋರ್ಚುಗೀಸರ ‘ಟ್ರೊಂಕೊ’, ಅಂದರೆ ಮರದ ದಿಮ್ಮಿ. ದಿಮ್ಮಿಯಲ್ಲಿ ತೂತು ಕೊರೆದು ಕಾಲು ಸಿಕ್ಕಿಸಿ ಕೂರಿಸುತ್ತಿದ್ದ ಕಾಲದ ನೆನಪು ಆ ಪದದಲ್ಲಿ ಉಳಿದಿದೆ.

ಎಲ್ಲಕ್ಕಿಂತ ಸೊಗಸಾದದ್ದು ‘ದಸ್ತಗಿರಿ’. ಪಾರ್ಸಿಯಲ್ಲಿ ದಸ್ತ್ ಎಂದರೆ ಕೈ, ಗೀರ್ ಎಂದರೆ ಹಿಡಿಯುವುದು. ಕಲಬುರಗಿ, ವಿಜಯಪುರ, ಬಳ್ಳಾರಿ ಕಡೆ ದಸ್ತಗೀರಸಾಬ ಎಂಬ ಹೆಸರಿನವರು ಊರೂರಲ್ಲಿ ಸಿಗುತ್ತಾರೆ. ಬಾಗ್ದಾದಿನ ಸೂಫಿ ಸಂತ ಅಬ್ದುಲ್ ಖಾದಿರ್ ಜೀಲಾನಿಯವರ ಬಿರುದು ಅದು, ಬಿದ್ದವರ ಕೈ ಹಿಡಿದು ಎತ್ತುವವರು ಎಂಬ ಅರ್ಥದ್ದು. ಅದೇ ಕೈ ಹಿಡಿಯುವ ಕೆಲಸವನ್ನು ಪೊಲೀಸರು ಮಾಡಿದಾಗ ದಸ್ತಗಿರಿ. ದಸ್ತಗೀರಸಾಬನನ್ನು ದಸ್ತಗಿರಿ ಮಾಡಿದರು ಎಂದು ಠಾಣೆಯ ಕಡತದಲ್ಲಿ ಬರೆದ ರೈಟರಿಗೆ ತಾನು ಎಂಥ ಶ್ಲೇಷೆ ಬರೆದೆ ಎಂದು ಹೊಳೆದಿರಲಾರದು.

ಜನ ಕಟ್ಟಿಕೊಂಡ ಪದಗಳು ಬೇರೆ. ಮಾವನ ಮನೆ, ಕೃಷ್ಣ ಜನ್ಮಸ್ಥಾನ, ಕಂಬಿ ಎಣಿಸುವುದು, ಸರ್ಕಾರಿ ಮುದ್ದೆ ಮುರಿಯುವುದು. ಬೆಂಗಳೂರಿನ ಕಡೆ ಈಗ ‘ಅಗ್ರಹಾರಕ್ಕೆ ಹೋದ’ ಎಂದರೂ ಸಾಕು. ವೇದ ಓದಿಕೊಂಡಿರಲಿ ಎಂದು ಬ್ರಾಹ್ಮಣರಿಗೆ ದತ್ತಿ ಬಿಟ್ಟ ಊರಿನ ಹೆಸರು, ಪರಪ್ಪನ ಅಗ್ರಹಾರದಲ್ಲಿ ಕೇಂದ್ರ ಕಾರಾಗೃಹ ಬಂದ ಮೇಲೆ, ಜೈಲಿನ ಇನ್ನೊಂದು ಹೆಸರಾಯಿತು. ಪದಗಳಿಗೂ ಇಂಥ ಗ್ರಹಚಾರ ತಪ್ಪಿದ್ದಲ್ಲ.

ಇಷ್ಟೆಲ್ಲ ಪದಗಳ ನಡುವೆ ಸೆರೆಗೆ ನಿಜವಾದ ಸವತಿಯಾಗಿ ಬಂದದ್ದು ‘ಸಜೆ’. ಪಾರ್ಸಿಯ ಸಜಾ ಎಂದರೆ ತಕ್ಕದ್ದು, ಮಾಡಿದ್ದಕ್ಕೆ ಪ್ರತಿಫಲ. ಹಿಂದಿಯಲ್ಲಿ ಮೇಷ್ಟರು ಕಿವಿ ಹಿಂಡಿದರೂ ಸಜಾ, ಗಲ್ಲಿಗೆ ಹಾಕಿದರೂ ಸಜಾ. ಕನ್ನಡದಲ್ಲಿ ಮಾತ್ರ ಆ ಪದ ಸೊರಗಿ, ಸಜೆ ಎಂದರೆ ಜೈಲಿನಲ್ಲಿ ಕಳೆಯಬೇಕಾದ ಕಾಲ ಎಂಬಷ್ಟಕ್ಕೆ ಬಂದು ನಿಂತಿದೆ: ಸಾದಾ ಸಜೆ, ಕಠಿಣ ಸಜೆ, ಆರು ತಿಂಗಳ ಸಜೆ. ಹಾಗಾಗಲು ಕಾರಣ ಇಂಗ್ಲಿಷರ ಕಾನೂನು. ಅದಕ್ಕೆ ಮೊದಲಿನ ಆಳ್ವಿಕೆಗಳಲ್ಲಿ ದಂಡ, ಛಡಿಯೇಟು, ಅಂಗ ಕತ್ತರಿಸುವುದು, ಗಡಿಪಾರು ಇವು ಶಿಕ್ಷೆಗಳಾಗಿದ್ದವು. ಬಂದೀಖಾನೆ ಹೆಚ್ಚಾಗಿ ಕಾಯಿಸುವ ಜಾಗ. ಮೆಕಾಲೆ ಸದಸ್ಯನಾಗಿದ್ದ ಕಾರಾಗೃಹ ಶಿಸ್ತು ಸಮಿತಿ 1838ರಲ್ಲಿ ವರದಿ ಕೊಟ್ಟು, ಜೈಲಿನ ದುಡಿಮೆ ಬೇಸರ ಹುಟ್ಟಿಸುವಂತಿರಬೇಕು, ಒಳಗಿರುವುದೇ ಶಿಕ್ಷೆಯಾಗಬೇಕು ಎಂಬ ದಾರಿ ತೋರಿತು. 1860ರ ದಂಡಸಂಹಿತೆ ಯಾವ ತಪ್ಪಿಗೆ ಎಷ್ಟು ವರ್ಷ ಎಂದು ಪಟ್ಟಿ ಹಾಕಿತು. 1894ರಲ್ಲಿ ಕಾರಾಗೃಹ ಕಾಯಿದೆ ಬಂತು. ಹೀಗೆ ಒಂದೇ ಗೋಡೆಯೊಳಗೆ ಎರಡು ಬೇರೆ ಬೇರೆ ಕೆಲಸ ನಡೆಯತೊಡಗಿತು. ತೀರ್ಪು ಬರುವವರೆಗೆ ತಡೆದು ಇಟ್ಟುಕೊಳ್ಳುವುದು ಒಂದು, ತೀರ್ಪು ಬಂದಮೇಲೆ ಶಿಕ್ಷಿಸುವುದು ಇನ್ನೊಂದು. ಮೊದಲನೆಯದು ಸೆರೆ, ಎರಡನೆಯದು ಸಜೆ.

ಗೋಡೆ ಒಂದೇ ಆದ್ದರಿಂದ ಮಾತಿನಲ್ಲೂ ಎರಡೂ ಒಂದಾಗಿಬಿಟ್ಟವು. ಅದರಿಂದ ಯಾರಿಗೆ ನಷ್ಟ ಎಂಬುದಕ್ಕೆ ಲೆಕ್ಕವಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರ ಕೊನೆಯ ದಿನ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಜನ ವಿಚಾರಣಾಧೀನರು, ಅಂದರೆ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು. ಅಷ್ಟೂ ಜೈಲುಗಳಲ್ಲಿ ಇರಬಹುದಾದ ಜಾಗ ಸುಮಾರು 4.36 ಲಕ್ಷ ಜನರಿಗೆ. ವಿಚಾರಣೆಗೆ ಕಾದಿರುವವರೇ ಹೆಚ್ಚುಕಡಿಮೆ ಇದ್ದ ಜಾಗವನ್ನೆಲ್ಲ ತುಂಬಿಬಿಡುತ್ತಾರೆ. ತಪ್ಪು ಸಾಬೀತಾದವರು ಲೆಕ್ಕದಲ್ಲಿ ಹೆಚ್ಚುವರಿ. ಜೈಲು ಎಂದರೆ ಕಳ್ಳ ಕೊಲೆಗಾರರಿಗೆ ಶಿಕ್ಷೆ ಕೊಡುವ ಜಾಗ ಎಂಬ ನಂಬಿಕೆಗೂ ಈ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ನಾಲ್ವರಲ್ಲಿ ಮೂವರನ್ನು ಅಲ್ಲಿ ತಡೆದು ನಿಲ್ಲಿಸಿದೆ ಅಷ್ಟೆ.

ಕೆರೆ ಕಟ್ಟಿದವರಿಗೆ ಒಂದು ವಿವೇಕವಿತ್ತು. ಏರಿ ಹಾಕಿದವರು ತೂಬನ್ನೂ ಇಟ್ಟರು, ಹೆಚ್ಚಾದ ನೀರು ಹೋಗಲು ಕೋಡಿಯನ್ನೂ ಬಿಟ್ಟರು. ತೂಬಿಲ್ಲದ ಕೆರೆಯನ್ನು ಯಾವ ಒಡ್ಡರೂ ಕಟ್ಟಲಿಲ್ಲ. ಸೆರೆಗೆ ಕಾನೂನು ಇಟ್ಟಿರುವ ತೂಬು ಜಾಮೀನು. ಸಂವಿಧಾನದ 22ನೇ ವಿಧಿ ದಸ್ತಗಿರಿಯಾದವನಿಗೆ ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎನ್ನುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ಇನ್ನೂ ಸ್ಪಷ್ಟ: ಆ ಅಪರಾಧಕ್ಕೆ ಇರುವ ಗರಿಷ್ಠ ಸಜೆಯ ಅರ್ಧ ಕಾಲವನ್ನು ವಿಚಾರಣೆಯಲ್ಲೇ ಕಳೆದವನನ್ನು ಜಾಮೀನಿನ ಮೇಲೆ ಬಿಡಬೇಕು, ಹಿಂದೆಂದೂ ಶಿಕ್ಷೆಯಾಗಿರದ ಮೊದಲ ಬಾರಿಯ ಆರೋಪಿಯಾದರೆ ಮೂರನೇ ಒಂದು ಭಾಗ ಸಾಕು. ಮರಣದಂಡನೆ, ಜೀವಾವಧಿ ಶಿಕ್ಷೆಯ ಪ್ರಕರಣಗಳಿಗೆ ಇದು ಇಲ್ಲ, ಒಂದಕ್ಕಿಂತ ಹೆಚ್ಚು ಮೊಕದ್ದಮೆ ಇದ್ದವರಿಗೂ ಸಿಗದು. ಹಳೆಯ ಪ್ರಕರಣಗಳಲ್ಲಿ ಒಳಗಿರುವವರಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟು 2024ರ ಆಗಸ್ಟಿನಲ್ಲಿ ಹೇಳಿದೆ.

ತೂಬು ಇದೆ, ಅದನ್ನು ಎತ್ತಲು ಬಲ ಬೇಕು. ಜಾಮೀನು ಮಂಜೂರಾದ ಮೇಲೆ ನ್ಯಾಯಾಲಯ ಸಾಮಾನ್ಯವಾಗಿ ಕೇಳುವುದು ಬಾಂಡು, ಅದಕ್ಕೊಬ್ಬ ಶ್ಯೂರಿಟಿ. ಶ್ಯೂರಿಟಿ ನಿಲ್ಲುವವನು ಜಮೀನಿನ ಪಹಣಿ ತರಬೇಕು, ಇಲ್ಲವೇ ಮನೆಯ ಕಂದಾಯದ ರಸೀದಿ, ಆಧಾರ್ ಹಿಡಿದು ಖುದ್ದಾಗಿ ಬಂದು ನಿಲ್ಲಬೇಕು. ಹೆಸರಿನಲ್ಲಿ ಹತ್ತು ಗುಂಟೆ ಇದ್ದವರು ಯಾರೂ ಪರಿಚಯವಿಲ್ಲದ ಊರಿಗೆ ಗಾರೆ ಕೆಲಸಕ್ಕೆ ಬಂದವನಿಗೆ ಆ ಪಹಣಿ ಎಲ್ಲಿಂದ ಬರಬೇಕು? ಅವನ ಊರಿನಿಂದ ಯಾರಾದರೂ ಬರಬೇಕೆಂದರೆ ರೈಲು ಚಾರ್ಜು, ಎರಡು ದಿನದ ಕೂಲಿ ಹೋಗುತ್ತದೆ. ಹೀಗೆ ಜಾಮೀನಿನ ಆದೇಶ ಕೈಯಲ್ಲಿದ್ದರೂ ಒಳಗೇ ಉಳಿಯುವವರ ಒಂದು ವರ್ಗವೇ ಇದೆ. 2022ರ ನವೆಂಬರ್ 26ರಂದು, ಸಂವಿಧಾನ ದಿನದ ಸಭೆಯಲ್ಲಿ, ರಾಷ್ಟ್ರಪತಿ ದ್ರೌಪದಿ ಮುರ್ಮು ಸಿದ್ಧಪಡಿಸಿ ತಂದ ಭಾಷಣವನ್ನು ಬದಿಗಿಟ್ಟು ನ್ಯಾಯಮೂರ್ತಿಗಳ ಎದುರಿಗೇ ಇಂಥವರ ಮಾತೆತ್ತಿದರು. ಹೆಚ್ಚು ಜೈಲು ಕಟ್ಟಬೇಕು ಎನ್ನುವುದು ಎಂಥ ಅಭಿವೃದ್ಧಿ ಎಂದು ಕೇಳಿದರು. ಎರಡು ತಿಂಗಳಲ್ಲಿ ಸುಪ್ರೀಂ ಕೋರ್ಟು ಸೂಚನೆ ಹೊರಡಿಸಿತು. ಜಾಮೀನು ಸಿಕ್ಕಿಯೂ ಏಳು ದಿನದಲ್ಲಿ ಹೊರಬರದವರ ವಿಷಯವನ್ನು ಜೈಲಿನ ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡು ಕೊಡಲಾಗದಿದ್ದರೆ ನ್ಯಾಯಾಲಯ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು.

ಸಜೆಯೇ ಇಲ್ಲದ ಸೆರೆ ಎಲ್ಲಿಗೆ ಮುಟ್ಟಬಲ್ಲದು ಎಂಬುದನ್ನು ಬೆಂಗಳೂರು ಹತ್ತಿರದಿಂದ ನೋಡಿದೆ. 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಹೇರಿದಾಗ ಶೇಷಾದ್ರಿ ರಸ್ತೆಯ ಹಳೆಯ ಸೆಂಟ್ರಲ್ ಜೈಲಿಗೆ ಬಂದವರಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇದ್ದರು. ಆ ಇಪ್ಪತ್ತೊಂದು ತಿಂಗಳಲ್ಲಿ ಆಂತರಿಕ ಭದ್ರತಾ ಕಾಯಿದೆಯಡಿ, ಅಂದರೆ ಮೀಸಾದಡಿ, ದೇಶದಲ್ಲಿ ಸುಮಾರು 35 ಸಾವಿರ ಜನರನ್ನು ಕೂಡಿಹಾಕಲಾಯಿತು ಎಂದು ಆಮೇಲೆ ತನಿಖೆ ನಡೆಸಿದ ಶಾ ಆಯೋಗ ಲೆಕ್ಕ ಕೊಟ್ಟಿತು. ಅವರಿಗೆ ಆರೋಪಪಟ್ಟಿ ಇಲ್ಲ, ವಿಚಾರಣೆ ಇಲ್ಲ, ಆದ್ದರಿಂದ ಬಿಡುಗಡೆಯ ದಿನಾಂಕವೂ ಇಲ್ಲ. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ್ದ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ತಿಂಗಳುಗಟ್ಟಲೆ ಇದ್ದರು. ಅವರಿಗೆ ಉಬ್ಬಸವಿತ್ತು. ಆರೋಗ್ಯ ಪೂರ್ತಿ ಕೆಟ್ಟ ಮೇಲೆ 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು. ಜನವರಿ 20ರಂದು ತೀರಿಕೊಂಡರು. ಯಾವ ನ್ಯಾಯಾಲಯವೂ ಅವರಿಗೆ ಒಂದು ದಿನದ ಸಜೆಯನ್ನೂ ವಿಧಿಸಿರಲಿಲ್ಲ. ಆ ಜೈಲು ಈಗ ಫ್ರೀಡಂ ಪಾರ್ಕ್, ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡುವವರಿಗೆ ಗೊತ್ತುಮಾಡಿಕೊಟ್ಟ ಜಾಗ. ಹಿಂದೆ ಪ್ರತಿಭಟಿಸಿದವರನ್ನು ಅಲ್ಲಿ ಕೂಡಿಹಾಕುತ್ತಿದ್ದರು, ಈಗ ಪ್ರತಿಭಟನೆಯನ್ನೇ ಅಲ್ಲಿ ಕೂಡಿಹಾಕಿದ್ದಾರೆ ಎಂದು ಯಾರಾದರೂ ಕುಟುಕಿದರೆ ಅಲ್ಲಗಳೆಯುವುದು ಕಷ್ಟ.

ಈ ವಾದಕ್ಕೆ ಎದುರುವಾದ ಇಲ್ಲದಿಲ್ಲ. ಕೊಲೆಯಾದವನ ಮನೆಯವರಿಗೆ, ಕಿವಿಯೋಲೆ ಸಮೇತ ಕಿವಿ ಹರಿಸಿಕೊಂಡ ಅಜ್ಜಿಗೆ, ಸೆರೆ ಸಜೆಗಳ ವ್ಯತ್ಯಾಸ ಹೇಳಹೊರಟರೆ ಅವರು ಎದ್ದುಹೋದಾರು. ಸಾಕ್ಷಿಗಳನ್ನು ಹೆದರಿಸುವವರನ್ನು, ಓಡಿಹೋಗುವವರನ್ನು ತಡೆದು ಇಡಲೇಬೇಕು. ಸೆರೆ ಬೇಡವೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ತಡೆದು ಇಟ್ಟಿರುವುದನ್ನು ತಡೆದು ಇಟ್ಟಿದ್ದೇವೆ ಎಂದೇ ಹೇಳೋಣ, ಶಿಕ್ಷೆ ಕೊಟ್ಟೆವು ಎಂದು ಎದೆಯುಬ್ಬಿಸುವುದು ಬೇಡ ಎಂಬುದಷ್ಟೇ ಮಾತು. ಏಕೆಂದರೆ ದಸ್ತಗಿರಿಯೇ ಶಿಕ್ಷೆ ಎಂದು ಜನ ನಂಬಿದ ಮೇಲೆ ಪೊಲೀಸರಿಗೆ ತನಿಖೆ ಮುಗಿಸುವ ಅವಸರ ಉಳಿಯುವುದಿಲ್ಲ, ಪತ್ರಿಕೆಗೆ ಮೊಕದ್ದಮೆಯ ಬೆನ್ನು ಹತ್ತುವ ಅಗತ್ಯ ಕಾಣುವುದಿಲ್ಲ. ಅಜ್ಜಿಯ ಓಲೆ ಕಿತ್ತವನು ನಿಜಕ್ಕೂ ಇವನೇ ಹೌದೋ ಎಂದು ಕೊನೆಗೂ ಗೊತ್ತಾಗುವುದಿಲ್ಲ. ಅದರಿಂದ ಅಜ್ಜಿಗೂ ನ್ಯಾಯ ಸಿಕ್ಕಂತಾಗಲಿಲ್ಲ.

ಕಾನೂನು ಒಂದು ಕಡೆ ಮಾತ್ರ ಸೆರೆಯನ್ನು ಸಜೆಗೆ ಸೇರಿಸುತ್ತದೆ. ಅಪರಾಧ ಸಾಬೀತಾದರೆ, ವಿಚಾರಣೆಯ ಕಾಲದಲ್ಲಿ ಒಳಗಿದ್ದ ದಿನಗಳನ್ನು ಸಜೆಯಲ್ಲಿ ವಜಾ ಮಾಡುತ್ತಾರೆ. 1973ರ ದಂಡಪ್ರಕ್ರಿಯಾ ಸಂಹಿತೆಯ 428ನೇ ಕಲಮಿನಲ್ಲಿದ್ದ ಈ ಸೌಲಭ್ಯ ಹೊಸ ಸಂಹಿತೆಯಲ್ಲಿ 468ನೇ ಕಲಮಾಗಿ ಮುಂದುವರಿದಿದೆ. ಮೂರು ವರ್ಷ ಸಜೆ, ಎರಡು ವರ್ಷ ಒಳಗಿದ್ದ, ಉಳಿದದ್ದು ಒಂದು. ನ್ಯಾಯವಾದ ಲೆಕ್ಕ. ಖುಲಾಸೆಯಾದವನ ಎರಡು ವರ್ಷವನ್ನು ಯಾವುದರಲ್ಲಿ ವಜಾ ಮಾಡುವುದು? ತಪ್ಪು ಮಾಡಿದವನ ಸೆರೆಗೆ ಖಾತೆಯಲ್ಲಿ ಜಮೆ ಇದೆ, ತಪ್ಪು ಮಾಡದವನ ಸೆರೆಗೆ ಆ ಪುಸ್ತಕದಲ್ಲಿ ಪುಟವೇ ಇಲ್ಲ. ಅವನು ಗೇಟಿನಲ್ಲಿ ಸಹಿ ಹಾಕಿ, ಒಳಗೆ ಬರುವಾಗ ಕೊಟ್ಟಿದ್ದ ಪರ್ಸು ವಾಪಸು ತೆಗೆದುಕೊಂಡು ಬಸ್ಸು ಹತ್ತುತ್ತಾನೆ.

ಸರ್ಕಾರಿ ಕಾಗದಗಳಲ್ಲಿ ಆಗಲೇ ವ್ಯತ್ಯಾಸವಿದೆ: ವಿಚಾರಣಾ ಬಂದಿ, ಸಜಾ ಬಂದಿ ಎಂದು ಎರಡು ದಾಖಲೆ. ಇಲಾಖೆಗೆ ಇರುವಷ್ಟು ಎಚ್ಚರ ಸುದ್ದಿಮನೆಗೆ ಇಲ್ಲವೆಂದರೆ ನಾಚಿಕೆಯ ಸಂಗತಿ. ಹಿಡಿದ ದಿನ ‘ಸರಗಳ್ಳರ ಸೆರೆ’ ಎನ್ನುವ ಬದಲು ‘ಸರಗಳವು: ಇಬ್ಬರ ಬಂಧನ’ ಎಂದರೆ ಕಾಲಮ್ಮಿನಲ್ಲಿ ಹೆಚ್ಚು ತಿನ್ನುವುದು ನಾಲ್ಕೈದು ಅಕ್ಷರದ ಜಾಗ. ಕೈದಿ ಎಂಬ ಪದವನ್ನು ತೀರ್ಪಾದವರಿಗೆ ಮೀಸಲಿಡಬಹುದು. ಸಂಪಾದಕರಲ್ಲಿ ಕೇಳಿಕೊಳ್ಳುವುದು ಇನ್ನೊಂದಿದೆ, ಪದಕ್ಕಿಂತ ದೊಡ್ಡದು: ಮೊದಲ ಪುಟದಲ್ಲಿ ಚಿತ್ರಸಮೇತ ‘ಸೆರೆ’ಯಾದವರು ಮೂರು ವರ್ಷ ಬಿಟ್ಟು ಖುಲಾಸೆಯಾದಾಗ, ಆ ಸುದ್ದಿಯೂ ಅದೇ ಪುಟದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಬರಲಿ.